ವಾಟ್ಸಾಪ್ ಓಡುತ್ತದೆ, ಬ್ರೌಸರ್ ಓಡಲ್ಲ: ರೂಟರ್‌ನಲ್ಲಿ ಡಿಎನ್‌ಎಸ್ ಬದಲಾಯಿಸುವುದು ಹೇಗೆ?

ಆಲ್ದೂರು_ತೋಟ

ನಮಸ್ಕಾರ ಎಲ್ಲರಿಗೂ. ನಮ್ಮದು ಆಲ್ದೂರು ಹತ್ತಿರ ತೋಟದ ಮನೆ, ಫೈಬರ್ ನೆಟ್ ಹಾಕಿಸಿದ್ದೇವೆ. ಹಗಲು ಚೆನ್ನಾಗೇ ಇರುತ್ತದೆ. ಸಂಜೆ ಏಳರ ಮೇಲೆ ಒಂದು ವಿಚಿತ್ರ ಕಾಟ. ವಾಟ್ಸಾಪ್‌ನಲ್ಲಿ ಮೆಸೇಜ್ ಹೋಗುತ್ತದೆ, ಬರುತ್ತದೆ. ಬ್ರೌಸರ್‌ನಲ್ಲಿ ಮಾತ್ರ ಏನು ಹಾಕಿದರೂ ಸುಮ್ನೆ ಸುತ್ತುತ್ತಾ ಇರುತ್ತದೆ, ಕಾಫಿ ರೇಟು ನೋಡೋಣ ಅಂದರೂ ಇಲ್ಲ, ಮಳೆ ಬರುತ್ತದಾ ನೋಡೋಣ ಅಂದರೂ ಇಲ್ಲ, ಕೊನೆಗೆ ಸರ್ವರ್‌ನ ಐಪಿ ವಿಳಾಸ ಸಿಗಲಿಲ್ಲ ಅಂತ ಒಂದು ಸಾಲು ಬರುತ್ತದೆ. ಕಸ್ಟಮರ್ ಕೇರ್‌ನವರದ್ದು ಒಂದೇ ಮಂತ್ರ, ಆಫ್ ಮಾಡಿ ಆನ್ ಮಾಡಿ. ಮಗಳು ಬೆಂಗಳೂರಿನಿಂದ ಫೋನ್ ಮಾಡಿ "ಅಪ್ಪಾ, ರೂಟರ್‌ನಲ್ಲಿ ಡಿಎನ್‌ಎಸ್ ಚೇಂಜ್ ಮಾಡು, 8.8.8.8 ಹಾಕು" ಅನ್ನುತ್ತಾಳೆ. ಡಿಎನ್‌ಎಸ್ ಅಂದರೆ ಸೈಟ್ ಹೆಸರಿಗೆ ಐಪಿ ನಂಬರ್ ಹುಡುಕಿ ಕೊಡುವುದಂತೆ, 8.8.8.8 ಗೂಗಲ್‌ನದ್ದಂತೆ. ಎಲ್ಲಿ ಹಾಕಬೇಕು, ಹಾಕಿದರೆ ಏನಾಗುತ್ತದೆ, ಇರುವುದೂ ಕೆಟ್ಟು ಹೋದರೆ ಯಾರನ್ನು ಕರೆಯಬೇಕು? ಗೊತ್ತಿರುವವರು ಹೇಳಿ.

ಪೆನ್ಷನ್_ಮೊಹಲ್ಲಾ

ಹಾಕಿ ಸಾರ್, ಏನೂ ಆಗಲ್ಲ. ಹಾಸನದಲ್ಲಿ ನಮ್ಮ ಮನೆಯಲ್ಲಿ ಕ್ಲೌಡ್‌ಫ್ಲೇರ್ ಕಂಪನಿಯ 1.1.1.1 ಹಾಕಿದ್ದೇನೆ, ಸ್ಪೀಡು ಡಬಲ್ ಆಗಿದೆ.

ಕೇಬಲ್_ಕೆಲಸದವ

ಡಬಲ್ ಎಲ್ಲ ಆಗಲ್ಲ ಗುರು, ಅದನ್ನು ಆಮೇಲೆ ಮಾತಾಡೋಣ.

ತೋಟದ ಸಾರ್, ಏನನ್ನೂ ಮುಟ್ಟುವ ಮೊದಲು ಡಬ್ಬದ, ಅಂದರೆ ರೂಟರ್ ಮೇಲಿನ ಲೈಟ್ ನೋಡಿ. ಪಿಓಎನ್ ಅಂತ ಬರೆದಿರುವ ಲೈಟ್ ಹಸಿರಾಗಿ, ಮಿಣುಕದೆ ನಿಂತಿರಬೇಕು. ಎಲ್‌ಓಎಸ್ ಅಂತ ಇರುವುದು ಕೆಂಪಾಗಿ ಮಿಣುಕುತ್ತಾ ಇದ್ದರೆ ಫೈಬರ್ ಒಳಗಿನ ಬೆಳಕೇ ಮನೆಗೆ ಬರುತ್ತಿಲ್ಲ ಅಂತ ಅರ್ಥ. ಮರದ ಕೊಂಬೆ ಬಿದ್ದಿರಬಹುದು, ಕೇಬಲ್ ಎಲ್ಲೋ ಜಾಸ್ತಿ ಬಾಗಿರಬಹುದು. ಆಗ ಡಿಎನ್‌ಎಸ್ ಅಲ್ಲ, ದೇವರ ಹೆಸರು ಹಾಕಿದರೂ ಬರಲ್ಲ. ಮಳೆಗಾಲದಲ್ಲಿ ನಿಮ್ಮ ಕಡೆಯಿಂದ ಬರುವ ಕಂಪ್ಲೇಂಟ್‌ಗಳಲ್ಲಿ ಮುಕ್ಕಾಲು ಪಾಲು ಈ ಜಾತಿಯವು. ಆದರೆ ವಾಟ್ಸಾಪ್ ಓಡುತ್ತಿದೆ ಅಂದಿರಿ, ಹಾಗಾಗಿ ನಿಮ್ಮದು ಅದಲ್ಲ ಅನ್ನಿಸುತ್ತದೆ.

ಮನೆಯಲ್ಲಿ ಕಂಪ್ಯೂಟರ್ ಇದೆಯಾ? ಇದ್ದರೆ ಕಾಟ ಶುರುವಾದಾಗ ಕಮಾಂಡ್ ಪ್ರಾಂಪ್ಟ್ (ಕಮಾಂಡ್ ಬರೆಯುವ ಕಪ್ಪು ಕಿಟಕಿ) ತೆಗೆದು ಪಿಂಗ್ ಅಂತ ಇಂಗ್ಲಿಷ್‌ನಲ್ಲಿ ಹೊಡೆದು, ಜಾಗ ಬಿಟ್ಟು 8.8.8.8 ಹಾಕಿ ಎಂಟರ್ ಒತ್ತಿ. ಆಮೇಲೆ ನಂಬರ್ ಬದಲು ಯಾವುದಾದರೂ ಸೈಟ್‌ನ ಹೆಸರು ಹಾಕಿ ಅದನ್ನೇ ಮಾಡಿ. ನಂಬರಿಗೆ ಉತ್ತರ ಬಂದು ಹೆಸರಿಗೆ ಬರದಿದ್ದರೆ ರೋಗ ಡಿಎನ್‌ಎಸ್‌ದೇ. ಎರಡಕ್ಕೂ ಬರದಿದ್ದರೆ ಲೈನಿನದ್ದು. ಎರಡಕ್ಕೂ ಬಂದು ಒಂದೇ ಒಂದು ಸೈಟ್ ತೆರೆಯದಿದ್ದರೆ ಆ ಸೈಟೇ ಮಲಗಿದೆ, ಬಿಟ್ಟುಬಿಡಿ, ಬೆಳಗ್ಗೆ ನೋಡಿ.

ಮೇಷ್ಟ್ರು_ಚನ್ನರಾಯಪಟ್ಟಣ

ಇದಕ್ಕೆ ಇನ್ನೊಂದು ಪರೀಕ್ಷೆ ಸೇರಿಸುತ್ತೇನೆ. ಎನ್‌ಎಸ್‌ಲುಕಪ್ ಅಂತ ಕಮಾಂಡ್ ಇದೆ, ಸಣ್ಣ ಅಕ್ಷರದಲ್ಲಿ, ಜಾಗ ಬಿಡದೆ ಬರೆಯಬೇಕು. ಅದರ ಮುಂದೆ ಸೈಟ್ ಹೆಸರು ಹಾಕಿದರೆ, ನಿಮ್ಮ ಕಂಪ್ಯೂಟರ್ ಈಗ ಯಾವ ಡಿಎನ್‌ಎಸ್ ಬಳಸುತ್ತಿದೆಯೋ ಅದನ್ನೇ ಕೇಳುತ್ತದೆ. ಅದೇ ಸಾಲಿನ ಕೊನೆಗೆ ಜಾಗ ಬಿಟ್ಟು 8.8.8.8 ಸೇರಿಸಿದರೆ ಗೂಗಲ್‌ನದ್ದನ್ನು ಕೇಳುತ್ತದೆ. ಮೊದಲನೆಯದಕ್ಕೆ ಟೈಮ್ ಔಟ್, ಎರಡನೆಯದಕ್ಕೆ ಉತ್ತರ ಬಂದರೆ ನಿಮ್ಮ ಮಗಳು ಹೇಳಿದ್ದು ನೂರಕ್ಕೆ ನೂರು ಸರಿ.

ವಾಟ್ಸಾಪ್ ಯಾಕೆ ಓಡುತ್ತದೆ ಅನ್ನುವುದೂ ಇದರಲ್ಲೇ ಇದೆ. ಡಿಎನ್‌ಎಸ್ ಮಾಡುವ ಕೆಲಸ ಇಷ್ಟೇ, ಹೆಸರು ಕೊಟ್ಟರೆ ನಂಬರ್ ಹೇಳುವುದು. ಮೊದಲು ಇದೆಲ್ಲ ಒಂದೇ ಫೈಲಿನಲ್ಲಿತ್ತು, ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಅದನ್ನು ಕೈಯಲ್ಲಿ ತಿದ್ದಿ ಇಡುತ್ತಿದ್ದರು, ನೆಟ್‌ವರ್ಕಿನ ಕಂಪ್ಯೂಟರ್‌ಗಳು ಅದನ್ನು ಇಳಿಸಿಕೊಳ್ಳುತ್ತಿದ್ದವು. ಕಂಪ್ಯೂಟರ್ ಜಾಸ್ತಿ ಆದಮೇಲೆ ಅದು ಸಾಲದೆ 1983ರಲ್ಲಿ ಪಾಲ್ ಮೊಕಪೆಟ್ರಿಸ್ ಈಗಿನ ವ್ಯವಸ್ಥೆ ರೂಪಿಸಿದರು. ವಾಟ್ಸಾಪ್ ಒಮ್ಮೆ ಸರ್ವರ್‌ಗೆ ಜೋಡಣೆ ಮಾಡಿಕೊಂಡರೆ ಅದನ್ನು ಬಿಡದೆ ಹಿಡಿದುಕೊಂಡಿರುತ್ತದೆ, ಮತ್ತೆ ಮತ್ತೆ ಹೆಸರು ಕೇಳುವ ಅಗತ್ಯವಿಲ್ಲ. ಬ್ರೌಸರ್‌ಗೆ ಹೊಸ ಸೈಟ್ ಅಂದರೆ ಹೊಸ ಹೆಸರು, ಒಂದು ಪುಟದೊಳಗೇ ಹತ್ತಾರು ಹೆಸರು ಇರುತ್ತವೆ. ಅದಕ್ಕೇ ಪೆಟ್ಟು ಬೀಳುವುದು ಅಲ್ಲಿ.

ಆಲ್ದೂರು_ತೋಟ

ಮಾಡಿದೆ ಸಾರ್. ಪಿಓಎನ್ ಹಸಿರು. ನಂಬರಿಗೆ ಪಿಂಗ್ ಉತ್ತರ ಬಂತು, ಹೆಸರಿಗೆ ಹೋಸ್ಟ್ ಸಿಗಲಿಲ್ಲ ಅಂತ ಬಂತು. ಮೇಷ್ಟ್ರು ಹೇಳಿದ್ದರಲ್ಲಿ ಮೊದಲನೆಯದು ಟೈಮ್ ಔಟ್, 8.8.8.8 ಸೇರಿಸಿದಾಗ ಠಕ್ ಅಂತ ನಂಬರ್ ಕೊಟ್ಟಿತು. ಮೊದಲನೆಯದರಲ್ಲಿ ಸರ್ವರ್ ಅಂತ 192.168.1.1 ತೋರಿಸಿತು, ಅದು ನಮ್ಮ ಡಬ್ಬವೇ ಅಲ್ವಾ?

ಕೇಬಲ್_ಕೆಲಸದವ

ಹೌದು ಸಾರ್, ನಿಮ್ಮ ಡಬ್ಬವೇ. ಸಿಕ್ಕಿತಲ್ಲ ರೋಗ. ಈಗ ಬದಲಾಯಿಸೋಣ. ಅದಕ್ಕೂ ಮೊದಲು ಎರಡು ಮಾತು, ಇದನ್ನು ಕೇಳದೆ ಮಾಡಿದವರ ಮನೆಗೆ ನಾನೇ ಹೋಗಿ ಸರಿ ಮಾಡಿ ಬಂದಿದ್ದೇನೆ.

ಡಬ್ಬದ ಹಿಂದೆ ಪಿನ್ನು ತೂರಿಸುವ ಸಣ್ಣ ತೂತು ಇರುತ್ತದೆ. ಅದು ರೀಸೆಟ್. ಅದನ್ನು ಒತ್ತಬೇಡಿ. ಒತ್ತಿದರೆ ವೈಫೈ ಹೆಸರು, ಪಾಸ್‌ವರ್ಡ್ ಜೊತೆಗೆ ಲೈನ್ ಜೋಡಣೆಗೆ ಅಂತ ಕಂಪನಿಯವರು ಹಾಕಿದ ಪಿಪಿಪಿಓಇ ಯೂಸರ್‌ನೇಮು, ವಿಲ್ಯಾನ್ ನಂಬರ್ ಎಲ್ಲ ಅಳಿಸಿ ಹೋಗಬಹುದು. ಆಮೇಲೆ ಅವರು ಬಂದು ಹಾಕುವ ತನಕ ಮೊಬೈಲ್ ಡೇಟಾವೇ ಗತಿ, ತೋಟದಲ್ಲಿ ಅದೆಷ್ಟು ಸಿಗುತ್ತದೆ ಅಂತ ನಿಮಗೇ ಗೊತ್ತು. ಇನ್ನೊಂದು, ಬದಲಾಯಿಸುವ ಪುಟದ ಫೋಟೋ ಮೊದಲೇ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ.

ಈಗ ಬ್ರೌಸರ್‌ನಲ್ಲಿ, ಮೇಲೆ ವಿಳಾಸ ಬರೆಯುವ ಜಾಗದಲ್ಲಿ 192.168.1.1 ಹಾಕಿ. ನೆಟ್ ಇಲ್ಲದಿದ್ದರೂ ಈ ಪುಟ ತೆರೆಯುತ್ತದೆ, ಇದು ಮನೆಯೊಳಗಿನದೇ. ಯೂಸರ್‌ನೇಮು, ಪಾಸ್‌ವರ್ಡ್ ಡಬ್ಬದ ತಳದ ಸ್ಟಿಕ್ಕರ್‌ನಲ್ಲಿ ಇರುತ್ತದೆ. ಬೇರೆಯವರು ಓದುತ್ತಿದ್ದರೆ ಅವರಿಗೂ ಹೇಳುತ್ತೇನೆ, ಎಲ್ಲರದ್ದೂ ಇದೇ ನಂಬರ್ ಅಲ್ಲ, ಕೆಲವು 192.168.0.1, ಕೆಲವು 192.168.29.1. ಕಂಪ್ಯೂಟರ್‌ನಲ್ಲಿ ಐಪಿಕಾನ್ಫಿಗ್ ಹೊಡೆದರೆ ಡಿಫಾಲ್ಟ್ ಗೇಟ್‌ವೇ ಎದುರು ಬರುವುದೇ ನಿಮ್ಮದು.

ಒಳಗೆ ಹೋದಮೇಲೆ ವ್ಯಾನ್, ಅಂದರೆ ಹೊರಗಿನ ಲೈನಿನ ಕಡೆಯ ಪುಟದಲ್ಲಿ ಡಿಎನ್‌ಎಸ್ ಅಂತ ಎರಡು ಖಾನೆ ಇರುತ್ತವೆ. ಅಲ್ಲಿ ಆಟೋ ತೆಗೆದು ಮ್ಯಾನ್ಯುಯಲ್ ಮಾಡಿ, ಮೊದಲನೆಯದಕ್ಕೆ 8.8.8.8, ಎರಡನೆಯದಕ್ಕೆ 1.1.1.1 ಹಾಕಿ ಸೇವ್ ಮಾಡಿ.

ಮೇಷ್ಟ್ರು_ಚನ್ನರಾಯಪಟ್ಟಣ

ಇಲ್ಲಿ ಸ್ವಲ್ಪ ಭಿನ್ನಾಭಿಪ್ರಾಯ ಇದೆ. ವ್ಯಾನ್ ಪುಟ ಬೇಡ, ಲ್ಯಾನ್ (ಮನೆಯೊಳಗಿನ ಕಡೆ) ಒಳಗಿನ ಡಿಎಚ್‌ಸಿಪಿ, ಅಂದರೆ ಮನೆಯ ಫೋನುಗಳಿಗೆ ಐಪಿ ವಿಳಾಸ ಹಂಚುವ ಪುಟದಲ್ಲಿ ಬದಲಾಯಿಸಿ ಅಂತ ನಾನು ಹೇಳುತ್ತೇನೆ.

ವ್ಯಾನ್‌ನಲ್ಲಿ ಹಾಕಿದರೆ, ಡಬ್ಬ ತಾನು ಯಾರನ್ನು ಕೇಳಬೇಕು ಅನ್ನುವುದು ಬದಲಾಗುತ್ತದೆ ಅಷ್ಟೇ. ಮನೆಯ ಫೋನು, ಟಿವಿ ಎಲ್ಲವೂ ಮೊದಲಿನ ಹಾಗೇ ಡಬ್ಬವನ್ನು ಕೇಳುತ್ತವೆ, ಡಬ್ಬ ಹೊರಗೆ ಕೇಳಿ ಉತ್ತರ ತಂದು ಕೊಡುತ್ತದೆ. ಡಿಎಚ್‌ಸಿಪಿಯಲ್ಲಿ ಹಾಕಿದರೆ, ಫೋನ್ ವೈಫೈಗೆ ಸೇರುವಾಗಲೇ "ನೀನು ನೇರವಾಗಿ 8.8.8.8 ಕೇಳು" ಅಂತ ಹೇಳಿ ಕಳಿಸುತ್ತದೆ. ತೋಟದವರ ಪರೀಕ್ಷೆಯಲ್ಲಿ ಉತ್ತರ ಕೊಡದೆ ಕೂತದ್ದು 192.168.1.1. ತಪ್ಪು ಕಂಪನಿಯ ಡಿಎನ್‌ಎಸ್ ಸರ್ವರ್‌ನದ್ದೂ ಇರಬಹುದು, ಈ ಡಬ್ಬದೊಳಗೆ ಕೇಳಿ ತಂದುಕೊಡುವ ಪುಟ್ಟ ಪ್ರೋಗ್ರಾಂ ಸುಸ್ತಾಗಿರುವುದೂ ಇರಬಹುದು. ಸಂಜೆ ಎಲ್ಲರೂ ಮನೆಗೆ ಬಂದು ನಾಲ್ಕು ಫೋನು, ಒಂದು ಟಿವಿ ಒಟ್ಟಿಗೆ ಕೇಳಲು ಶುರು ಮಾಡಿದಾಗ ಕಡಿಮೆ ಬೆಲೆಯ ಡಬ್ಬಗಳಲ್ಲಿ ಅದು ಮಂಕಾಗುತ್ತದೆ. ತಪ್ಪು ಡಬ್ಬದ್ದೇ ಆಗಿದ್ದರೆ ವ್ಯಾನ್‌ನಲ್ಲಿ ಏನು ಹಾಕಿದರೂ ಪ್ರಯೋಜನ ಇಲ್ಲ. ಡಿಎಚ್‌ಸಿಪಿಯಲ್ಲಿ ಹಾಕಿದರೆ ಎರಡು ರೋಗಕ್ಕೂ ಒಂದೇ ಮದ್ದು.

ಕೇಬಲ್_ಕೆಲಸದವ

ಒಪ್ಪಿದೆ ಮೇಷ್ಟ್ರೇ. ಇನ್ನೊಂದು ಕಾರಣವೂ ಇದೆ. ಕಂಪನಿ ಕೊಟ್ಟ ಡಬ್ಬಗಳಲ್ಲಿ ವ್ಯಾನ್ ಪುಟ ಎಷ್ಟೋ ಸಲ ಬೂದು ಬಣ್ಣದಲ್ಲಿ ಬೀಗ ಹಾಕಿರುತ್ತದೆ, ಲ್ಯಾನ್ ಪುಟ ತೆರೆದಿರುತ್ತದೆ. ವ್ಯಾನ್‌ನಲ್ಲಿ ಕೈ ಆಡಿಸಿ ಯೂಸರ್‌ನೇಮು ಅಳಿಸಿದರೆ ನೆಟ್ಟೇ ಹೋಗುತ್ತದೆ, ಲ್ಯಾನ್‌ನಲ್ಲಿ ಅಷ್ಟು ಅಪಾಯ ಇಲ್ಲ.

ತೋಟದ ಸಾರ್, ಹಾಗಾದರೆ ಲ್ಯಾನ್, ಅದರೊಳಗೆ ಡಿಎಚ್‌ಸಿಪಿ ಸರ್ವರ್, ಅಲ್ಲಿ ಪ್ರೈಮರಿ ಡಿಎನ್‌ಎಸ್, ಸೆಕೆಂಡರಿ ಡಿಎನ್‌ಎಸ್. ಅದೇ ಪುಟದಲ್ಲಿ ಐಪಿ ಶುರು, ಐಪಿ ಕೊನೆ ಅಂತ ಬೇರೆ ನಂಬರ್ ಇರುತ್ತವೆ, ಅವನ್ನು ಮುಟ್ಟಬೇಡಿ. ಸೇವ್ ಮಾಡಿದಮೇಲೆ ಪ್ರತಿ ಫೋನಿನಲ್ಲೂ ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಇಲ್ಲದಿದ್ದರೆ ಹಳೇ ನಂಬರನ್ನೇ ಹಿಡಿದುಕೊಂಡಿರುತ್ತದೆ, ನೀವು ಏನೂ ಆಗಲಿಲ್ಲ ಅಂದುಕೊಳ್ಳುತ್ತೀರಿ.

ಆಲ್ದೂರು_ತೋಟ

ಆಯ್ತು ಕಣ್ರೀ! ವ್ಯಾನ್ ಪುಟಕ್ಕೆ ಬೀಗವೇ ಇತ್ತು, ಲ್ಯಾನ್‌ನಲ್ಲಿ ಹಾಕಿದೆ. ಈಗ ರಾತ್ರಿ ಎಂಟೂವರೆ, ಎಲ್ಲಾ ಸೈಟೂ ತೆರೆಯುತ್ತಿದೆ. ಇಬ್ಬರಿಗೂ ದೊಡ್ಡ ನಮಸ್ಕಾರ. ಆದರೆ ಪೆನ್ಷನ್ ಮೊಹಲ್ಲಾದವರು ಹೇಳಿದ ಹಾಗೆ ಸ್ಪೀಡೇನೂ ಡಬಲ್ ಆಗಲಿಲ್ಲ, ಸ್ಪೀಡ್ ಟೆಸ್ಟ್‌ನಲ್ಲಿ ಹಳೇ ಲೆಕ್ಕವೇ ಬರುತ್ತಿದೆ.

ಪೆನ್ಷನ್_ಮೊಹಲ್ಲಾ

ನಮ್ಮಲ್ಲಿ ಆಗಿದೆ ಸಾರ್. ಪುಟ ಪಟ್ ಅಂತ ತೆರೆಯುತ್ತದೆ.

ಮೇಷ್ಟ್ರು_ಚನ್ನರಾಯಪಟ್ಟಣ

ಪುಟ ತೆರೆಯುವುದು ಬೇಗ ಶುರುವಾಗಿರಬಹುದು, ಇಲ್ಲ ಅನ್ನಲ್ಲ. ಆದರೆ ಅದು ಬೇರೆ, ಇಂಟರ್ನೆಟ್ ಸ್ಪೀಡು ಬೇರೆ. ಮೂಡಿಗೆರೆ ಹ್ಯಾಂಡ್‌ಪೋಸ್ಟ್‌ನಲ್ಲಿ ನಿಂತು ಧರ್ಮಸ್ಥಳಕ್ಕೆ ದಾರಿ ಯಾವುದು ಅಂತ ಕೇಳಿದರೆ ಒಬ್ಬ ತಕ್ಷಣ ಹೇಳಬಹುದು, ಇನ್ನೊಬ್ಬ ಎಲೆಅಡಿಕೆ ಉಗಿದು ಬಂದು ಹೇಳಬಹುದು. ಅದರಿಂದ ಚಾರ್ಮಾಡಿ ಘಾಟಿಯಲ್ಲಿ ಬಸ್ಸು ಜೋರಾಗಿ ಓಡಲ್ಲ.

ಲೆಕ್ಕ ಹಾಕಿ ನೋಡಿ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಹಾಸನದಿಂದ ಬೆಂಗಳೂರು 180 ಕಿಲೋಮೀಟರ್ ಆಸುಪಾಸು, ಅಂದರೆ ಹೋಗಲು ಒಂದು ಮಿಲಿಸೆಕೆಂಡೂ ಪೂರ್ತಿ ಬೇಡ. ಕೇಬಲ್ ನೇರವಾಗಿ ಹೋಗುವುದಿಲ್ಲ, ಮಧ್ಯೆ ಎಷ್ಟೋ ರೂಟರ್ ದಾಟಬೇಕು, ಕೆಲವು ಸಲ ಚೆನ್ನೈಗೋ ಮುಂಬೈಗೋ ಸುತ್ತಿ ಬರುತ್ತದೆ, ಅದಕ್ಕೇ ನಿಜವಾಗಿ ಅದಕ್ಕಿಂತ ಜಾಸ್ತಿ ಹಿಡಿಯುತ್ತದೆ. ಒಂದು ಡಿಎನ್‌ಎಸ್ 10 ಮಿಲಿಸೆಕೆಂಡಿನಲ್ಲಿ, ಇನ್ನೊಂದು 30 ಮಿಲಿಸೆಕೆಂಡಿನಲ್ಲಿ ಉತ್ತರ ಕೊಟ್ಟರೆ ವ್ಯತ್ಯಾಸ 20. ಕಣ್ಣು ಮಿಟುಕಿಸಲು 100ಕ್ಕಿಂತ ಜಾಸ್ತಿ ಬೇಕು. ಅಷ್ಟೇ ಅಲ್ಲ, ಒಮ್ಮೆ ಕೇಳಿದ ಉತ್ತರವನ್ನು ಫೋನು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ, ಪ್ರತಿ ಸಲ ಕೇಳುವುದೂ ಇಲ್ಲ. ಮೊದಲಿನ ಡಿಎನ್‌ಎಸ್ ಪೂರ್ತಿ ಹದಗೆಟ್ಟಿದ್ದರೆ ಮಾತ್ರ ಬದಲಾಯಿಸಿದ್ದು ಕಣ್ಣಿಗೆ ಕಾಣುತ್ತದೆ.

ಕೇಬಲ್_ಕೆಲಸದವ

ಸ್ಪೀಡು ಬೇಕು ಅಂದರೆ ಡಬ್ಬವನ್ನು ಷೋಕೇಸ್ ಒಳಗಿಂದ ಹೊರಗೆ ತಂದು ಇಡಿ. ಹಳೇ ಮನೆಯ ಕಲ್ಲಿನ ಗೋಡೆಯಲ್ಲಿ 5 ಗಿಗಾಹರ್ಟ್ಸ್ ವೈಫೈ ಪಕ್ಕದ ಕೋಣೆಗೂ ನೆಟ್ಟಗೆ ಹೋಗಲ್ಲ. ಆಮೇಲೆ ಡಿಎನ್‌ಎಸ್ ಸರಿ ಇಲ್ಲ ಅಂತೀರಿ.

ಬೇಲೂರು_ಅಕ್ಕ

ಈ ಮಾತುಕತೆ ಓದುತ್ತಾ ಒಂದು ಕೇಳೋಣ ಅನ್ನಿಸಿತು. ಡಿಎನ್‌ಎಸ್ ಬದಲಾಯಿಸಿದರೆ ಮಕ್ಕಳಿಗೆ ಬೇಡದ ಸೈಟ್‌ಗಳು ಬರದ ಹಾಗೆ ಮಾಡಬಹುದು ಅಂತ ತಂಗಿ ಹೇಳಿದಳು. ಮಗ ಎಂಟನೇ ಕ್ಲಾಸು, ಹೋಂವರ್ಕ್ ಅಂತ ಟ್ಯಾಬ್ ಹಿಡಿದು ಕೂತರೆ ಏನು ನೋಡುತ್ತಾನೋ ಗೊತ್ತಾಗಲ್ಲ. ಇದು ನಿಜವಾ? ದುಡ್ಡು ಕೊಡಬೇಕಾ?

ಮೇಷ್ಟ್ರು_ಚನ್ನರಾಯಪಟ್ಟಣ

ನಿಜ ಮೇಡಂ, ದುಡ್ಡು ಬೇಡ. 1.1.1.1 ಕೊಡುವ ಕ್ಲೌಡ್‌ಫ್ಲೇರ್‌ನವರೇ 2020ರಲ್ಲಿ ಮನೆಮಂದಿಗೆ ಅಂತ ಬೇರೆ ನಂಬರ್ ಬಿಟ್ಟರು. 1.1.1.2 ಹಾಕಿದರೆ ವೈರಸ್, ಮೋಸದ ಸೈಟ್‌ಗಳಿಗೆ ಮಾತ್ರ ತಡೆ. 1.1.1.3 ಹಾಕಿದರೆ ಅದರ ಜೊತೆಗೆ ಅಶ್ಲೀಲ ಸೈಟ್‌ಗಳಿಗೂ ತಡೆ. ಓಪನ್‌ಡಿಎನ್‌ಎಸ್‌ನವರದ್ದೂ ಇಂಥದ್ದೇ ಒಂದಿದೆ, 208.67.222.123 ಮತ್ತು 208.67.220.123. ಇವು ಆ ಸೈಟ್‌ಗಳ ಹೆಸರಿಗೆ ಸರಿಯಾದ ನಂಬರನ್ನೇ ಕೊಡುವುದಿಲ್ಲ.

ಪೆನ್ಷನ್_ಮೊಹಲ್ಲಾ

ಅಕ್ಕಾ, ಮೊದಲನೇ ಖಾನೆಗೆ 1.1.1.3, ಎರಡನೆಯದಕ್ಕೆ 8.8.8.8 ಹಾಕಿಬಿಡಿ. ಒಂದು ಕೆಟ್ಟರೆ ಇನ್ನೊಂದು ಇರುತ್ತದೆ.

ಮೇಷ್ಟ್ರು_ಚನ್ನರಾಯಪಟ್ಟಣ

ಬೇಡ ಬೇಡ, ಹಾಗೆ ಮಾಡಬೇಡಿ ಮೇಡಂ. ಸೆಕೆಂಡರಿ ಅಂದರೆ ಮೊದಲನೆಯದು ಸತ್ತಾಗ ಮಾತ್ರ ಎದ್ದು ಬರುವುದು ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಿಲ್ಲ. ಕೆಲವು ಫೋನುಗಳು, ಕೆಲವು ರೂಟರ್‌ಗಳು ಎರಡನ್ನೂ ಕೇಳುತ್ತವೆ, ಯಾರು ಮೊದಲು ಉತ್ತರ ಕೊಟ್ಟರೋ ಅದನ್ನು ತೆಗೆದುಕೊಳ್ಳುತ್ತವೆ, ಕೆಲವು ಸರದಿಯ ಮೇಲೆ ಕೇಳುತ್ತವೆ. ಒಂದು ಖಾನೆಯಲ್ಲಿ ತಡೆ ಇರುವ ಡಿಎನ್‌ಎಸ್, ಇನ್ನೊಂದರಲ್ಲಿ ತಡೆ ಇಲ್ಲದ್ದು ಇದ್ದರೆ ಒಂದು ಹೊತ್ತು ಸೈಟ್ ಬರಲ್ಲ, ಇನ್ನೊಂದು ಹೊತ್ತು ಬರುತ್ತದೆ. ನೀವು ತಡೆ ಕೆಲಸ ಮಾಡುತ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳುತ್ತೀರಿ. ಮಕ್ಕಳಿಗೋಸ್ಕರ ಆದರೆ ಎರಡೂ ಒಂದೇ ಮನೆಯವು ಇರಲಿ, 1.1.1.3 ಜೊತೆಗೆ 1.0.0.3.

ತೋಟದವರ ಹಾಗೆ ತಡೆ ಏನೂ ಬೇಡ, ನೆಟ್ ನಿಲ್ಲಬಾರದು ಅಷ್ಟೇ ಅನ್ನುವವರು ಬೇರೆ ಬೇರೆ ಕಂಪನಿಯದ್ದು ಹಾಕಿಕೊಳ್ಳುವುದೇ ಒಳ್ಳೆಯದು. 2025ರ ಜುಲೈ 14ರಂದು 1.1.1.1 ಜಗತ್ತಿನಾದ್ಯಂತ 62 ನಿಮಿಷ ಬಿದ್ದಿತ್ತು. ಆಗ ನಮ್ಮ ದೇಶದಲ್ಲಿ 15ರ ಬೆಳಗಿನ ಜಾವ, ಹಾಗಾಗಿ ಇಲ್ಲಿ ಹೆಚ್ಚಿನವರಿಗೆ ಗೊತ್ತೇ ಆಗಲಿಲ್ಲ. ಎರಡೂ ಖಾನೆಯಲ್ಲಿ ಅವರದ್ದೇ ನಂಬರ್ ಇದ್ದವರಿಗೆ ಆ ಹೊತ್ತಿನಲ್ಲಿ ಹೆಸರುಗಳು ಸಿಗಲಿಲ್ಲ.

ಬೇಲೂರು_ಅಕ್ಕ

ಹಾಕಿದೆ ಮೇಷ್ಟ್ರೇ, 1.1.1.3 ಮತ್ತು 1.0.0.3. ಕಂಪ್ಯೂಟರ್‌ನಲ್ಲಿ ತಡೆ ಆಗುತ್ತಿದೆ. ಆದರೆ ಟ್ಯಾಬ್‌ನಲ್ಲಿ ಆಗುತ್ತಿಲ್ಲ! ವೈಫೈ ಆಫ್ ಮಾಡಿ ಆನ್ ಮಾಡಿದೆ, ಟ್ಯಾಬನ್ನೇ ರೀಸ್ಟಾರ್ಟ್ ಮಾಡಿದೆ.

ಕೇಬಲ್_ಕೆಲಸದವ

ಅಕ್ಕಾ, ಐಪಿವಿ6, ಅಂದರೆ ಹೊಸ ಬಗೆಯ ಐಪಿ ವಿಳಾಸ ಇರಬೇಕು. ಟ್ಯಾಬ್‌ನಲ್ಲಿ ವೈಫೈ ಹೆಸರಿನ ಪಕ್ಕದ ಚಕ್ರದ ಗುರುತು ಒತ್ತಿ, ಐಪಿ ವಿಳಾಸ ಅನ್ನುವ ಕಡೆ ನೋಡಿ. 192 ಅಂತ ಶುರುವಾಗುವುದರ ಜೊತೆಗೆ ಉದ್ದಕ್ಕೆ, ಮಧ್ಯೆ ಮಧ್ಯೆ ಎರಡು ಚುಕ್ಕಿ ಇರುವ ವಿಳಾಸ ಕೂಡ ಇದೆಯಾ? ಅದು 2 ಅಂಕಿಯಿಂದ ಶುರುವಾಗುತ್ತದಾ?

ಬೇಲೂರು_ಅಕ್ಕ

ಇದೆ. 2ರಿಂದಲೇ ಶುರು.

ಕೇಬಲ್_ಕೆಲಸದವ

ಅದೇ. ಈಗಿನ ಲೈನುಗಳಲ್ಲಿ ಎರಡು ಬಗೆಯ ವಿಳಾಸ ಒಟ್ಟಿಗೆ ಓಡುತ್ತವೆ. ನೀವು ಬದಲಾಯಿಸಿದ್ದು ಹಳೇ ಬಗೆಯ ಡಿಎನ್‌ಎಸ್. ಹೊಸ ಬಗೆಯಲ್ಲಿ ಡಬ್ಬ ಇನ್ನೂ ಕಂಪನಿಯ ಡಿಎನ್‌ಎಸ್‌ನ್ನೇ ಹಂಚುತ್ತಿದೆ, ಟ್ಯಾಬ್ ಅದನ್ನೇ ಹಿಡಿದುಕೊಂಡಿದೆ. ರೂಟರ್‌ನಲ್ಲಿ ಐಪಿವಿ6 ಅಂತ ಬೇರೆ ಪುಟ ಇರುತ್ತದೆ, ಡಿಎಚ್‌ಸಿಪಿವಿ6 ಅಂತಲೂ ಇರಬಹುದು. ಅಲ್ಲಿನ ಡಿಎನ್‌ಎಸ್ ಖಾನೆಗಳಿಗೆ 2606:4700:4700::1113 ಮತ್ತು 2606:4700:4700::1003 ಹಾಕಿ. ಮಧ್ಯೆ ಎರಡು ಚುಕ್ಕಿಯ ಗುರುತು ಒಂದರ ಪಕ್ಕ ಒಂದು ಬಂದಿದೆಯಲ್ಲ, ಅದು ಟೈಪಿಂಗ್ ತಪ್ಪಲ್ಲ, ಹಾಗೇ ಹಾಕಬೇಕು.

ಆ ಪುಟವೇ ಇಲ್ಲ ಅಥವಾ ಬೀಗ ಹಾಕಿದೆ ಅಂದರೆ ಹೇಳಿ. ಕೆಲವರು ಐಪಿವಿ6 ಪೂರ್ತಿ ಆಫ್ ಮಾಡಿ ಅನ್ನುತ್ತಾರೆ, ನನಗೆ ಅದು ಇಷ್ಟ ಇಲ್ಲ. ಈಗ ಹಳೇ ವಿಳಾಸಗಳು ಸಾಲದೆ ಒಂದೇ ವಿಳಾಸವನ್ನು ಕಂಪನಿಯವರು ಎಷ್ಟೋ ಮನೆಗೆ ಹಂಚಿ ಕೊಡುತ್ತಾರೆ, ಐಪಿವಿ6 ಇದ್ದರೆ ಆ ಜಂಜಾಟ ತಪ್ಪುತ್ತದೆ.

ಬೇಲೂರು_ಅಕ್ಕ

ಪುಟ ಇತ್ತು, ಹಾಕಿದೆ, ಈಗ ಟ್ಯಾಬ್‌ನಲ್ಲೂ ಬರುತ್ತಿಲ್ಲ. ಸದ್ಯ! ಯೂಟ್ಯೂಬ್‌ನಲ್ಲಿ ಬೇಡದ ವಿಡಿಯೋ ಮಾತ್ರ ಬರುತ್ತಲೇ ಇದೆ, ಅದಕ್ಕೇನು ಮಾಡುವುದು?

ಮೇಷ್ಟ್ರು_ಚನ್ನರಾಯಪಟ್ಟಣ

ಅದಕ್ಕೆ ಡಿಎನ್‌ಎಸ್‌ನಿಂದ ಆಗುವುದಿಲ್ಲ. ಅದಕ್ಕೆ ಗೊತ್ತಾಗುವುದು ಸೈಟ್‌ನ ಹೆಸರು ಮಾತ್ರ. ಯೂಟ್ಯೂಬ್ ಅಂದರೆ ಪೂರ್ತಿ ಯೂಟ್ಯೂಬ್, ಒಳಗೆ ಪಾಠ ನೋಡುತ್ತಿದ್ದಾನೋ ಬೇರೆ ಏನೋ ನೋಡುತ್ತಿದ್ದಾನೋ ಅದಕ್ಕೆ ತಿಳಿಯದು. ಯೂಟ್ಯೂಬ್‌ನಲ್ಲೇ ನಿರ್ಬಂಧಿತ ಮೋಡ್ ಇದೆ, ಅದನ್ನು ಆನ್ ಮಾಡಿ.

ಇನ್ನೂ ಎರಡು ಕಂಡಿಗಳಿವೆ. ಕ್ರೋಮ್ ಬ್ರೌಸರ್ ಸೆಟ್ಟಿಂಗ್‌ನಲ್ಲಿ ಸೆಕ್ಯೂರ್ ಡಿಎನ್‌ಎಸ್ ಅಂತ ಇದೆ, ಅಲ್ಲಿ ಬೇರೆ ಕಂಪನಿ ಆರಿಸಿದರೆ ರೂಟರ್‌ನಲ್ಲಿ ನೀವು ಹಾಕಿದ್ದು ಲೆಕ್ಕಕ್ಕಿಲ್ಲ. ಇನ್ನೊಂದು ಮೊಬೈಲ್ ಡೇಟಾ. ವೈಫೈ ಆಫ್ ಮಾಡಿದ ಕೂಡಲೇ ಮನೆಯ ರೂಟರ್ ಆಟ ಮುಗಿಯಿತು. ಇದಕ್ಕೆ ಆಂಡ್ರಾಯ್ಡ್ 9ರಿಂದ ಈಚೆಗೆ ಪ್ರೈವೇಟ್ ಡಿಎನ್‌ಎಸ್ ಅನ್ನುವ ಸೆಟ್ಟಿಂಗ್ ಬಂದಿದೆ. ಅಲ್ಲಿ ನಂಬರ್ ಹಾಕಿದರೆ ಒಪ್ಪಲ್ಲ, ಹೆಸರೇ ಹಾಕಬೇಕು. ಫ್ಯಾಮಿಲಿ, ಡಾಟ್, ಕ್ಲೌಡ್‌ಫ್ಲೇರ್, ಹೈಫನ್, ಡಿಎನ್‌ಎಸ್, ಡಾಟ್, ಕಾಮ್, ಎಲ್ಲಾ ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ, ಜಾಗ ಬಿಡದೆ. ಅದನ್ನು ಹಾಕಿದರೆ ಮೊಬೈಲ್ ಡೇಟಾದಲ್ಲೂ ತಡೆ ಇರುತ್ತದೆ. ಎಂಟನೇ ಕ್ಲಾಸಿನ ಹುಡುಗ ಇದನ್ನು ತೆಗೆಯುವುದು ಕಲಿಯಲು ಒಂದು ವಾರ ಸಾಕು ಮೇಡಂ, ನಾನು ಅವರಿಗೇ ಪಾಠ ಮಾಡುವವನು. ಟ್ಯಾಬ್ ಹಿಡಿದು ಕೂರುವ ಜಾಗ ಅಡುಗೆಮನೆ ಪಕ್ಕ ಇರಲಿ.

ಸಕಲೇಶಪುರ_ಹೋಂಸ್ಟೇ

ಇಲ್ಲೇ ಕೇಳಿಬಿಡುತ್ತೇನೆ. ನಮ್ಮದು ಹೋಂಸ್ಟೇ, ವಾರದ ಕೊನೆಗೆ ಬೆಂಗಳೂರಿನವರು ಬರುತ್ತಾರೆ, ಬಂದ ಕೂಡಲೇ ಮೊದಲ ಪ್ರಶ್ನೆ ವೈಫೈ ಪಾಸ್‌ವರ್ಡ್. ಡಿಎನ್‌ಎಸ್ ಬದಲಾಯಿಸಿದರೆ ಅವರು ಏನು ನೋಡುತ್ತಾರೆ ಅಂತ ನೆಟ್ ಕಂಪನಿಗೆ ಕಾಣಲ್ಲವಂತೆ, ಹೌದಾ? ಯೂಟ್ಯೂಬ್‌ನಲ್ಲಿ ಒಬ್ಬರು ಅತಿ ವೇಗದ ಡಿಎನ್‌ಎಸ್ ಅಂತ ಯಾವುದೋ ನಂಬರ್ ಕೊಟ್ಟಿದ್ದಾರೆ, ಅದನ್ನೇ ಹಾಕೋಣ ಅಂತಿದ್ದೆ.

ಮೇಷ್ಟ್ರು_ಚನ್ನರಾಯಪಟ್ಟಣ

ಕಾಣುತ್ತದೆ. ರೂಟರ್‌ನಲ್ಲಿ ಸುಮ್ನೆ ನಂಬರ್ ಹಾಕಿದರೆ ಪ್ರಶ್ನೆ ಹೋಗುವುದು ಡಿಎನ್‌ಎಸ್‌ನ ಮಾಮೂಲಿ ಬಾಗಿಲಿನಲ್ಲಿ, ಅಂದರೆ 53ನೇ ಪೋರ್ಟ್‌ನಲ್ಲಿ, ಯಾವ ಲಕೋಟೆಯೂ ಇಲ್ಲದೆ, ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. ಪ್ರೈವೇಟ್ ಡಿಎನ್‌ಎಸ್ ಹಾಕಿದರೆ 853ನೇ ಪೋರ್ಟ್‌ನಲ್ಲಿ ಗುಪ್ತವಾಗಿ ಹೋಗುತ್ತದೆ. ಆಗಲೂ ನೀವು ಯಾವ ಐಪಿಗೆ ಜೋಡಣೆ ಮಾಡಿದಿರಿ ಅನ್ನುವುದು ಕಂಪನಿಗೆ ಕಾಣುತ್ತದೆ, ಹೆಚ್ಚಿನ ಸೈಟ್‌ಗಳಲ್ಲಿ ಜೋಡಣೆ ಶುರುವಾಗುವಾಗ ಸೈಟ್‌ನ ಹೆಸರೂ ಕಾಣುತ್ತದೆ. ಕಂಪನಿ ಬದಲು ಗೂಗಲ್‌ಗೋ ಕ್ಲೌಡ್‌ಫ್ಲೇರ್‌ಗೋ ನಿಮ್ಮ ಪ್ರಶ್ನೆಗಳು ಹೋಗುತ್ತವೆ ಅನ್ನುವುದೂ ನೆನಪಿರಲಿ. ಲಾಭಕ್ಕೆ ನಡೆಯದ ಸಂಸ್ಥೆಯದ್ದು ಬೇಕು ಅಂದರೆ ಕ್ವಾಡ್9 ಇದೆ, 9.9.9.9, ಮೋಸದ ಸೈಟ್‌ಗಳನ್ನೂ ತಡೆಯುತ್ತದೆ.

ಆ ಯೂಟ್ಯೂಬ್ ನಂಬರ್ ಮಾತ್ರ ದಯವಿಟ್ಟು ಹಾಕಬೇಡಿ. ಡಿಎನ್‌ಎಸ್ ಯಾರ ಕೈಯಲ್ಲಿದೆಯೋ ಅವರು ಬ್ಯಾಂಕ್ ಹೆಸರು ಕೇಳಿದರೆ ತಮ್ಮ ನಂಬರ್ ಕೊಡಬಹುದು. ಇದು ಕಟ್ಟುಕಥೆಯಲ್ಲ. ಡಿಎನ್‌ಎಸ್‌ಚೇಂಜರ್ ಅನ್ನುವ ವೈರಸ್ ಜಗತ್ತಿನಲ್ಲಿ 40 ಲಕ್ಷ ಕಂಪ್ಯೂಟರ್‌ಗಳ ಡಿಎನ್‌ಎಸ್ ಬದಲಾಯಿಸಿ ಜಾಹೀರಾತಿನಲ್ಲಿ ದುಡ್ಡು ಮಾಡಿತ್ತು. ಅಮೆರಿಕದ ಎಫ್‌ಬಿಐ 2011ರ ನವೆಂಬರ್‌ನಲ್ಲಿ ಆ ಗುಂಪನ್ನು ಹಿಡಿಯಿತು. ಆ ಕಳ್ಳ ಸರ್ವರ್‌ಗಳನ್ನು ಒಮ್ಮೆಲೇ ನಿಲ್ಲಿಸಿದರೆ ಅಷ್ಟೂ ಜನರ ನೆಟ್ ಹೋಗುತ್ತದೆ ಅಂತ 2012ರ ಜುಲೈ 9ರ ತನಕ ಅವುಗಳ ಜಾಗದಲ್ಲಿ ಒಳ್ಳೆಯ ಸರ್ವರ್ ಇಟ್ಟು ನಡೆಸಬೇಕಾಯಿತು.

ಕೇಬಲ್_ಕೆಲಸದವ

ಹೋಂಸ್ಟೇ ಅಂದರೆ ನಾನು ಮೊದಲು ಹೇಳುವುದು ಬೇರೆ. ಡಬ್ಬ ಹಾಲ್‌ನಲ್ಲಿ ಇಟ್ಟಿರುತ್ತೀರಿ, ತಳದ ಸ್ಟಿಕ್ಕರ್‌ನಲ್ಲಿ ಅಡ್ಮಿನ್ ಪಾಸ್‌ವರ್ಡ್ ಇದೆ. ಬಂದವರಲ್ಲಿ ಯಾರಾದರೂ ತಿರುಗಿಸಿ ನೋಡಿ ಒಳಗೆ ಹೋಗಿ ಡಿಎನ್‌ಎಸ್ ಬದಲಾಯಿಸಿದರೆ ನಿಮಗೆ ಗೊತ್ತೇ ಆಗಲ್ಲ. ಅಡ್ಮಿನ್ ಪಾಸ್‌ವರ್ಡ್ ಇವತ್ತೇ ಬದಲಾಯಿಸಿ. ಅದು ವೈಫೈ ಪಾಸ್‌ವರ್ಡ್ ಅಲ್ಲ, ಬೇರೆ. ಗೆಸ್ಟ್ ನೆಟ್‌ವರ್ಕ್ ಇದ್ದರೆ ಬಂದವರಿಗೆ ಅದನ್ನು ಕೊಡಿ.

ಆಲ್ದೂರು_ತೋಟ

ಒಂದು ಸಣ್ಣ ವಿಷಯ. ಬದಲಾಯಿಸಿದಮೇಲೆ ಎಲ್ಲಾ ತೆರೆಯುತ್ತದೆ, ನೆಟ್ ಕಂಪನಿಯ ಬಳಕೆ ನೋಡುವ ಪುಟ ಮಾತ್ರ ತೆರೆಯುವುದಿಲ್ಲ. ಗುಡುಗು ಬಂದಾಗ ನಾವು ಪ್ಲಗ್ ತೆಗೆದುಬಿಡುತ್ತೇವೆ, ಆಗ ಹಾಕಿದ ಸೆಟ್ಟಿಂಗ್ ಅಳಿಸಿ ಹೋಗುತ್ತದಾ?

ಕೇಬಲ್_ಕೆಲಸದವ

ಕಂಪನಿಯವರು ಕೆಲವು ಹೆಸರುಗಳನ್ನು ತಮ್ಮ ಡಿಎನ್‌ಎಸ್‌ನಲ್ಲಿ ಮಾತ್ರ ಇಟ್ಟಿರುತ್ತಾರೆ ಸಾರ್, ಹೊರಗಿನ ಡಿಎನ್‌ಎಸ್‌ಗೆ ಅದು ಗೊತ್ತಿರಲ್ಲ. ಆ ಪುಟ ಬೇಕಾದಾಗ ಅವರ ಆಪ್‌ನಲ್ಲಿ ನೋಡಿ. ಇಲ್ಲದಿದ್ದರೆ ಮಗಳ ಕೈಲಿ ಕಂಪ್ಯೂಟರ್ ಒಂದರಲ್ಲಿ ಮಾತ್ರ ಡಿಎನ್‌ಎಸ್ ಅಂತ 192.168.1.1 ಹಾಕಿಸಿಕೊಳ್ಳಿ.

ಪ್ಲಗ್ ತೆಗೆದರೆ ಸೆಟ್ಟಿಂಗ್ ಹೋಗಲ್ಲ, ತೆಗೆಯಿರಿ, ಖಂಡಿತ ತೆಗೆಯಿರಿ. ಫೈಬರ್ ಎಳೆ ಗಾಜು, ಅದರೊಳಗಿನಿಂದ ಮಿಂಚು ಬರಲ್ಲ, ಡಬ್ಬ ಸುಡುವುದು ಕರೆಂಟಿನ ಕಡೆಯಿಂದ, ಇಲ್ಲ ಹೊರಗೆ ಎಳೆದ ಲ್ಯಾನ್ ಕೇಬಲ್‌ನಿಂದ. ಸೆಟ್ಟಿಂಗ್ ಹೋಗುವುದು ಬೇರೆ ದಾರಿಯಲ್ಲಿ. ಟಿಆರ್-069 ಅಂತ ಒಂದು ವ್ಯವಸ್ಥೆ ಇದೆ, ಅದರಲ್ಲಿ ಕಂಪನಿಯವರು ತಮ್ಮ ಆಫೀಸಿನಿಂದಲೇ ನಿಮ್ಮ ಡಬ್ಬದ ಸೆಟ್ಟಿಂಗ್ ಬದಲಾಯಿಸಬಹುದು, ಸಾಫ್ಟ್‌ವೇರ್ ಅಪ್‌ಡೇಟ್ ಹಾಕಬಹುದು. ಆಗ ನೀವು ಹಾಕಿದ್ದು ಹೋಗಿ ಹಳೆಯದು ಬಂದು ಕೂರುವ ಸಾಧ್ಯತೆ ಇದೆ. ಮತ್ತೆ ಸಂಜೆ ಕಾಟ ಶುರುವಾದರೆ ಕಂಪ್ಯೂಟರ್‌ನಲ್ಲಿ ಐಪಿಕಾನ್ಫಿಗ್, ಜಾಗ ಬಿಟ್ಟು ಓರೆಗೀಟು, ಆಲ್ ಅಂತ ಹೊಡೆದು ಡಿಎನ್‌ಎಸ್ ಸರ್ವರ್ಸ್ ಎದುರು ಏನಿದೆ ನೋಡಿ.

ಪೆನ್ಷನ್_ಮೊಹಲ್ಲಾ

ಪ್ರತಿ ಸಲ ಹಾಕುತ್ತಾ ಕೂರುವ ಬದಲು ಸ್ವಂತ ರೂಟರ್ ತಂದು ಹಾಕಿಕೊಂಡರೆ?

ಕೇಬಲ್_ಕೆಲಸದವ

ಇದು ಒಳ್ಳೆ ಮಾತು ಗುರು. ಕಂಪನಿ ಡಬ್ಬದ ಲ್ಯಾನ್ 1ರಿಂದ ಒಂದು ಕೇಬಲ್ ತೆಗೆದು ನಿಮ್ಮ ರೂಟರ್‌ನ ವ್ಯಾನ್ ತೂತಿಗೆ ಹಾಕಿ, ಡಿಎನ್‌ಎಸ್ ನಿಮ್ಮ ರೂಟರ್‌ನ ಡಿಎಚ್‌ಸಿಪಿ ಪುಟದಲ್ಲಿ ಹಾಕಿ, ಕಂಪನಿ ಡಬ್ಬದ ವೈಫೈ ಆಫ್ ಮಾಡಿಬಿಡಿ. ಅವರು ಅವರ ಡಬ್ಬದಲ್ಲಿ ಏನು ಮಾಡಿಕೊಂಡರೂ ನಿಮ್ಮದು ಹಾಗೇ ಇರುತ್ತದೆ. ಎರಡೂ ಡಬ್ಬ 192.168.1.1 ಆಗಿದ್ದರೆ ಜಗಳ ಆಗುತ್ತದೆ, ನಿಮ್ಮದನ್ನು 192.168.2.1 ಮಾಡಿಕೊಳ್ಳಿ. ಎರಡು ರೂಟರ್ ದಾಟಿ ಹೋಗುವುದರಿಂದ ಕೆಲವು ಆನ್‌ಲೈನ್ ಆಟಗಳಿಗೆ, ಹೊರಗಿನಿಂದ ಸಿಸಿ ಕ್ಯಾಮೆರಾ ನೋಡುವುದಕ್ಕೆ ತೊಂದರೆ ಆಗಬಹುದು, ಬ್ರೌಸಿಂಗ್‌ಗೆ, ಟಿವಿಗೆ ಏನೂ ಆಗಲ್ಲ.

ಬೇಲೂರು_ಅಕ್ಕ

ಟಿವಿ ಅಂದಿರಲ್ಲ, ಟಿವಿಗೆ ಸಿಕ್ಕಿಸಿರುವ ಕ್ರೋಮ್‌ಕಾಸ್ಟ್‌ಗೂ ಈ 1.1.1.3 ತಡೆ ಹತ್ತುತ್ತದಾ?

ಮೇಷ್ಟ್ರು_ಚನ್ನರಾಯಪಟ್ಟಣ

ಹತ್ತುವುದಿಲ್ಲ ಮೇಡಂ. ರೂಟರ್ ಏನೇ ಹೇಳಿ ಕಳಿಸಿದರೂ ಅದು 8.8.8.8ನ್ನೇ ಕೇಳುವ ಹಾಗೆ ಮೊದಲೇ ಮಾಡಿರುತ್ತಾರೆ. ಅದನ್ನೂ ತಡೆಯಬೇಕು ಅಂದರೆ ಮನೆಯಿಂದ 53ನೇ ಪೋರ್ಟ್‌ಗೆ ಹೋಗುವ ಎಲ್ಲಾ ಪ್ರಶ್ನೆಗಳನ್ನೂ ತನ್ನ ಕಡೆ ತಿರುಗಿಸಿಕೊಳ್ಳುವ ರೂಟರ್ ಬೇಕು. ಕಂಪನಿ ಡಬ್ಬದಲ್ಲಿ ಆ ಸೌಲಭ್ಯ ಸಾಮಾನ್ಯವಾಗಿ ಇರುವುದಿಲ್ಲ. ಓಪನ್‌ಡಬ್ಲ್ಯೂಆರ್‌ಟಿ ಅನ್ನುವ ಸಾಫ್ಟ್‌ವೇರ್ ಹಾಕಿದ ರೂಟರ್‌ನಲ್ಲಿ ಮಾಡಬಹುದು, ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ಭಾನುವಾರ ಕೂತು ಬರೆಯುತ್ತೇನೆ.